ಬಿರುಗಾಳಿ ಭಾಗಿಯ ಅಕ್ಕೋರು

ಅಕ್ಕೋರು ಹೋದರು ಎಂದು ಪೇಂಟರು ಫೋನಿನಲ್ಲಿ ಹೇಳಿದಾಗ ನಾನು ಹಾವೇರಿಯ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಯಾವ ಅಕ್ಕೋರು ಎಂದು ಕೇಳುವ ಅಗತ್ಯವಿರಲಿಲ್ಲ. ಕಾರವಾರ, ಅಂಕೋಲೆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಗಂಡಸರೆಲ್ಲ ಮಾಸ್ತರು. ಆದರೆ ಪೇಂಟರಿಗೂ ನನಗೂ ಇದ್ದದ್ದು ಒಬ್ಬರೇ ಅಕ್ಕೋರು. ನಾನು ಸುಮಾರು ಮೂರು ವರ್ಷ ಒಬ್ಬ ಹೆಣ್ಣಿನ ಬಾಯಲ್ಲಿ ಮಾತು ತುರುಕಿದೆ. ಆ ಹೆಣ್ಣು ನನ್ನ ಕೈಯಲ್ಲಿ ಕೆಟ್ಟುಹೋಗದಂತೆ ಕಾದವರು ಅವರು. ಡಬ್ಬಿ ಮುಚ್ಚಿಟ್ಟು ಹೊರಗೆ ಬಂದು ನಿಂತೆ. ಸಂಕಟಕ್ಕಿಂತ ಹೆಚ್ಚಾಗಿ ಬೆರಗೇ ತುಂಬಿಕೊಂಡಿತು. ಅಂಥವರೊಬ್ಬರು ಅಂಕೋಲೆಯ ಬೊಬ್ರುವಾಡದ ಒಂದು ಹೆಂಚಿನ ಮನೆಯಲ್ಲಿ ಇದ್ದರು, ನಾನು ಅವರ ಜತೆ ಕೆಲಸ ಮಾಡಿದ್ದೆ ಎಂದರೆ ಈಗಲೂ ನಂಬಲು ಸ್ವಲ್ಪ ಹೊತ್ತು ಬೇಕು.

ಎರಡು ಸಾವಿರದ ಇಸವಿಯ ಆಸುಪಾಸಿಗೆ ಕಾರವಾರದಿಂದ ಎಂಟು ಪುಟದ ವಾರಪತ್ರಿಕೆಯೊಂದು ಬರುತ್ತಿತ್ತು. ಮೊದಲ ಪುಟದಲ್ಲಿ ರಾಜಕೀಯ, ನಡುವೆ ಶ್ರದ್ಧಾಂಜಲಿ ಮತ್ತು ಜಾಹೀರಾತು, ಕೊನೆಯ ಪುಟದಲ್ಲಿ 'ಬಿರುಗಾಳಿ ಭಾಗಿ' ಎಂಬ ಚಿತ್ರಕಥೆ. ಜನ ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು. ಭಾಗಿ ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿ ಹೊತ್ತು ಪೇಟೆಗೆ ಬರುತ್ತಾಳೆ, ಗಿರಾಕಿಗಳ ಜತೆ ಜಗಳವಾಡುತ್ತಾಳೆ. ಯಾರಿಗಾದರೂ ಕಷ್ಟ ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗೈ ಎತ್ತುತ್ತಾಳೆ. ಎದ್ದ ಬಿರುಗಾಳಿ ನಿಲ್ಲುತ್ತದೆ, ನಿಂತ ಗಾಳಿ ಏಳುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಬುಟ್ಟಿಯ ಹತ್ತಿರ ಕುಳಿತುಕೊಳ್ಳುತ್ತಾಳೆ.

ಚಿತ್ರ ಬರೆಯುತ್ತಿದ್ದವರು ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಕಥೆ ಬರೆಯುವವರು ಬದಲಾಗುತ್ತಲೇ ಹೋದರು. ಮೊದಲು ಸಂಪಾದಕರೇ ಬರೆದರು. ಅವರ ಕೈ ಸೋತಾಗ ಅಂಕೋಲೆಯ ಒಬ್ಬ ಹೈಸ್ಕೂಲು ಮಾಸ್ತರು ಬಂದರು. ಅವರ ನಂತರ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಇಂಜಿನಿಯರು. ಇಂಜಿನಿಯರಿಗೆ ವರ್ಗವಾದಾಗ ನಾನು. ಹಬ್ಬುವಾಡದಲ್ಲಿ ಸಂಪಾದಕರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ, ಘಟ್ಟದ ಮೇಲಿನಿಂದ ಬಂದ ಗುಮಾಸ್ತ ನಾನು. ಕಾಲೇಜಿನಲ್ಲಿ ಎರಡು ಕಥೆ ಬರೆದಿದ್ದೆ ಎಂದು ಬಾಯಿ ತಪ್ಪಿ ಹೇಳಿದ್ದೇ ನನ್ನ ಅರ್ಹತೆ. ಮೀನಿನ ಹೆಸರು ನಾಲ್ಕು ಬರುತ್ತಿರಲಿಲ್ಲ.

ಹೀಗೆ ಕೈ ಬದಲಾದ ಹಾಗೆ ಭಾಗಿಯೂ ಬದಲಾಗಬೇಕಿತ್ತು, ಬದಲಾಗಲು ಹೊರಟಳು ಕೂಡ. ಸಂಪಾದಕರ ಭಾಗಿ ಬಾಯಿಬಡುಕಿ. ಯಾರಿಗೂ ಹೆದರಳು, ಅವ್ವನಿಗೊಬ್ಬಳಿಗೆ ಹೆದರುತ್ತಾಳೆ, ಅವಳಿಗೆ ಈಜು ಬರುವುದಿಲ್ಲ. ಮಾಸ್ತರ ಭಾಗಿ ಕಳ್ಳನಿಗೂ ಕೈಮುಗಿದು ಅರ್ಧ ಪುಟ ಉಪದೇಶ ಮಾಡುತ್ತಾಳೆ, ಮಾತುಮಾತಿಗೆ ಕಣ್ಣೀರು ಹಾಕುತ್ತಾಳೆ, ಮತ್ತು ಹಿಂದಿನದನ್ನು ಮಾಸ್ತರು ಓದಿರಲಿಲ್ಲವಾದ್ದರಿಂದ ಒಂದು ವಾರ ದ್ವೀಪದವರೆಗೆ ಈಜಿಯೇ ಬಿಡುತ್ತಾಳೆ. ಇಂಜಿನಿಯರ ಭಾಗಿ ಕೈಗೆ ಯಂತ್ರ ಕಟ್ಟಿಕೊಂಡವಳು. ಗಾಳಿಯ ಒತ್ತಡ ಲೆಕ್ಕ ಹಾಕುತ್ತಾಳೆ, ನಗುವುದಿಲ್ಲ, ಮನೆಯೂ ಇಲ್ಲ, ಅವ್ವನೂ ಇಲ್ಲ. ನಾನು ಬಂದು ಅವಳಿಗೊಬ್ಬ ಪ್ರೇಮಿಯನ್ನು ಕೊಟ್ಟೆ. ಅವನು ಘಟ್ಟದ ಮೇಲಿನ ಗುಮಾಸ್ತ. ಓದುವವರು ನಗಲಿ, ಆಗ ನನಗೆ ಇಪ್ಪತ್ತಾರು.

ಇವೆಲ್ಲ ಒಬ್ಬಳೇ ಹೆಣ್ಣು ಎಂದು ಓದುಗರು ನಂಬುವಂತೆ ಮಾಡಿದ್ದು ಅಕ್ಕೋರು. ಅವರ ಕೆಲಸ ಮಾತಿನ ಬಲೂನುಗಳಲ್ಲಿ ಅಕ್ಷರ ತುಂಬುವುದು. ಶುಕ್ರವಾರ ಪೇಂಟರ ಪುಟವೂ ನನ್ನ ಹಸ್ತಪ್ರತಿಯೂ ಒಂದು ಲಕೋಟೆಯಲ್ಲಿ ಅಂಕೋಲೆ ಬಸ್ಸಿನ ಡ್ರೈವರ ಕೈಗೆ ಹೋಗುತ್ತಿತ್ತು, ಸೋಮವಾರ ಬೆಳಿಗ್ಗೆ ಹಾಗೆಯೇ ವಾಪಸ್ಸು ಬರುತ್ತಿತ್ತು. ಆಗಲೇ ಶಾಯಿ ಬಿದ್ದ ಚಿತ್ರವನ್ನು ಅವರು ಮುಟ್ಟುವ ಹಾಗಿರಲಿಲ್ಲ. ಎಲ್ಲಾದರೂ ಒಂದು ಬಲೂನಿನಲ್ಲಿ ಎರಡು ಸಾಲಿನ ಜಾಗ ಉಳಿದರೆ ಅವರ ರಾಜ್ಯ ಅಷ್ಟೇ.

ಆ ಎರಡು ಸಾಲಿನಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದಕ್ಕೆ ಈಜಿನ ವಿಷಯವೇ ಸಾಕು. ಮಾಸ್ತರು ಭಾಗಿಯನ್ನು ನೀರಿಗಿಳಿಸಿ ಕುಳಿತಿದ್ದರು. ಚಿತ್ರವೂ ಆಗಿತ್ತು. ಈಜು ಬಾರದವಳು ಈಜಿದ್ದು ಹೇಗೆ ಎಂದು ಸಂಪಾದಕರು ತಲೆ ಕೆಡಿಸಿಕೊಂಡು, ಹಿಂದೆ ಬರೆದದ್ದು ತಪ್ಪು ಎಂದು ಒಂದು ತಿದ್ದುಪಡಿ ಹಾಕೋಣವೇ ಎಂದರಂತೆ. ಸೋಮವಾರ ಪುಟ ಬಂದಾಗ ದಡ ಹತ್ತುತ್ತಿದ್ದ ಭಾಗಿಯ ಬಾಯಲ್ಲಿ ಹೀಗೆ ಇತ್ತು: 'ಈಜು ಬರೂದಿಲ್ಲ ಹೇಳಿ ಅವ್ವನ ಹತ್ರ ಸುಳ್ಳು ಹೇಳಿದ್ದೆ. ಅಪ್ಪ ನೀರಿಗೆ ಹೋದವ್ನು ಬರ್ಲಿಲ್ಲ ಅಲ್ದಾ, ಅವಳಿಗೆ ಹೆದರಿಕೆ.' ಇಷ್ಟೇ. ಸಂಪಾದಕರು ಬರೆದದ್ದೂ ಉಳಿಯಿತು, ಮಾಸ್ತರು ಬರೆದದ್ದೂ ಉಳಿಯಿತು. ಅದುವರೆಗೆ ಭಾಗಿಗೆ ಅಪ್ಪನೇ ಇರಲಿಲ್ಲ, ಅಲ್ಲಿಂದ ಮುಂದೆ ಸಮುದ್ರ ನುಂಗಿದ ಒಬ್ಬ ಅಪ್ಪ ಬಂದ. ಅವ್ವ ಯಾಕಷ್ಟು ಬೈಯುತ್ತಾಳೆ ಎಂಬುದೂ ತಿಳಿಯಿತು. ನಾನು ಹಳೆಯ ಸಂಚಿಕೆಗಳ ಕಟ್ಟಿನಲ್ಲಿ ಇದನ್ನು ಓದಿದ ದಿನ ಮತ್ತೆ ಮತ್ತೆ ಓದಿದೆ. ಮೂರು ತಿಂಗಳು ಕುಳಿತರೂ ನನಗೆ ಅದು ಹೊಳೆಯುತ್ತಿರಲಿಲ್ಲ.

ಉಪದೇಶದ ಭಾಗಿಯನ್ನೂ ಅವರು ಹಾಗೆಯೇ ಉಳಿಸಿಕೊಂಡರು. ಮಾಸ್ತರ ಒಂದು ಪದವನ್ನೂ ಬಿಡದೆ ಬರೆದು, ಕೊನೆಯ ಚಿತ್ರದಲ್ಲಿ ಭಾಗಿ ತನ್ನಷ್ಟಕ್ಕೆ, ನಯವಾಗಿ ಮಾತಾಡಿದರೆ ಗಿರಾಕಿ ಹೆಚ್ಚುತ್ತಾರೆಂದು ಅವ್ವ ಹೇಳಿದ್ದಳು, ಸಂಜೆಯೊಳಗೆ ದವಡೆ ನೋವು ಬಂತು ಎಂದುಕೊಳ್ಳುವ ಹಾಗೆ ಮಾಡಿದರು. ಮಾಸ್ತರಿಗೂ ಸಿಟ್ಟು ಬರಲಿಲ್ಲವಂತೆ. ಅವರ ಹೆಂಡತಿ ಮಾತ್ರ ತುಂಬ ನಕ್ಕರಂತೆ.

ನಾನು ಅವರನ್ನು ಮೊದಲು ನೋಡಿದ್ದು ಸಿಟ್ಟಿನಲ್ಲಿ. ನನ್ನ ಮೂರನೆಯ ಕಂತಿನಲ್ಲಿ ಭಾಗಿ ಧಾವಿಸಿ ಬಂದು ದೋಣಿ ಹತ್ತುತ್ತಾಳೆ. ಕಾಲಿಗೆ ಚಪ್ಪಲಿ ಇತ್ತು. ನಾನು ಬರೆದುಕೊಟ್ಟದ್ದು ಹಾಗೆ, ಪೇಂಟರು ಯೋಚಿಸದೆ ಚಿತ್ರಿಸಿದ್ದರು. ಪುಟ ಬಂದಾಗ ನಾನು ಬರೆಯದ ಮಾತು ಭಾಗಿಯ ಬಾಯಲ್ಲಿತ್ತು: 'ಸಿಟ್ಟಿನಲ್ಲಿ ಚಪ್ಪಲಿ ಬಿಡೂದೂ ಮರೆತೇ ಹೋಯ್ತು. ತಾಯಿ, ತಪ್ಪಾಯ್ತು.' ನನ್ನ ಕಥೆಯಲ್ಲಿ ಕೈಯಾಡಿಸಲು ಇವರು ಯಾರು ಎಂದು ಆ ಭಾನುವಾರ ಬಸ್ಸು ಹತ್ತಿದೆ. ದೋಣಿಗೆ ಚಪ್ಪಲಿ ಹಾಕಿ ಯಾರೂ ಹತ್ತುವುದಿಲ್ಲ, ಅದು ಅನ್ನ ಕೊಡುವ ತಾಯಿ ಎಂಬುದು ಆ ತೀರದ ಕೂಸಿಗೂ ಗೊತ್ತಿರುವ ವಿಷಯ ಎಂದು ಬಸ್ಸಿನಲ್ಲಿ ಪಕ್ಕ ಕುಳಿತ ಮೀನುಗಾರ ಹೆಂಗಸು ನನಗೆ ಹೇಳಿದಳು. ಅವಳ ಮಡಿಲಲ್ಲಿ ಅದೇ ಸಂಚಿಕೆ ಇತ್ತು. ಭಾಗಿಗೆ ಅಷ್ಟು ಸಿಟ್ಟು ಬಂದದ್ದು ಇದೇ ಮೊದಲು, ಮುಂದಿನ ವಾರ ಯಾರಿಗೆ ಕಾದಿದೆಯೋ ಎಂದು ಅವಳು ನನ್ನನ್ನೇ ಕೇಳಿದಳು. ಬೊಬ್ರುವಾಡ ಬರುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು.

ಹೋಗಿ ನೋಡಿದರೆ ತೆಳ್ಳಗಿನ ಹೆಂಗಸು, ತಲೆಯಲ್ಲಿ ಅಬ್ಬಲಿ ಹೂವು, ಮಧ್ಯದ ಬೆರಳಿಗೆ ಶಾಯಿಯ ಕಲೆ. ಪುಟವನ್ನು ಕಪಾಟಿನ ಬಾಗಿಲಿಗೆ ಚುಚ್ಚಿ ನಿಂತುಕೊಂಡು ಬರೆಯುತ್ತಿದ್ದರು. ಕರಿಹಲಗೆಯ ಮೇಲೆ ಬರೆದು ರೂಢಿ, ಕುಳಿತರೆ ಅಕ್ಷರ ಮಲಗುತ್ತವೆ ಎಂದರು. ಪ್ರತಿ ಸಾಲನ್ನೂ ಉಕ್ತಲೇಖನ ಕೊಡುವ ಹಾಗೆ ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಬರೆಯುತ್ತಿದ್ದರು. ನಾಲಿಗೆ ಎಲ್ಲಿ ತೊಡರಿತೋ ಅಲ್ಲಿ ಭಾಗಿಯ ಮಾತಲ್ಲ ಎಂದರ್ಥ. ನನ್ನ ಸಾಲುಗಳಲ್ಲಿ ಎಷ್ಟು ಸಲ ತೊಡರಿತು ಎಂಬುದನ್ನು ಹೇಳುವುದು ಬೇಡ. ನಾನು ಬಂದ ಕಾರಣ ಕೇಳಲಿಲ್ಲ. ನನ್ನ ಕಥೆಯ ಪ್ರೇಮಿಯ ಬಗ್ಗೆ ಮಾತ್ರ ಒಂದು ಪ್ರಶ್ನೆ ಕೇಳಿದರು.

'ತಮ್ಮಾ, ಅವ ಮೀನು ತಿಂತಾನಾ?'

ನನ್ನ ಭಾಗಿ ಮೀನು ಮಾರುವವಳು ಎಂಬುದನ್ನೇ ನಾನು ಮರೆತಿದ್ದೆ; ನನ್ನ ಪುಟಗಳಲ್ಲಿ ಅವಳಿಂದ ಮಲ್ಲಿಗೆಯ ಪರಿಮಳ ಬರುತ್ತಿತ್ತು. ಎರಡು ವಾರ ಬಿಟ್ಟು ಆ ಪ್ರೇಮಿ ವರ್ಗವಾಗಿ ಊರು ಬಿಟ್ಟ. ಭಾಗಿ ಅವನಿಗೆ ದಾರಿಗೆಂದು ಒಣಸಿಗಡಿ ಕಟ್ಟಿಕೊಟ್ಟಳು, ಅವನು ಮೂಗು ಮುಚ್ಚಿಕೊಂಡೇ ತೆಗೆದುಕೊಂಡ. ಆ ಕಂತು ಜನರಿಗೆ ಬಹಳ ಹಿಡಿಸಿತು. ನನಗೂ ನಿಧಾನಕ್ಕೆ ಹಿಡಿಸಿತು.

ಅವರ ಹಾಜರಿ ಪುಸ್ತಕವನ್ನು ಕಂಡದ್ದೂ ಆ ದಿನವೇ. ಅದು ಶಾಲೆಯ ಹಾಜರಿ ಪುಸ್ತಕ, ಅರ್ಧ ಖಾಲಿ ಉಳಿದದ್ದು. ಮಕ್ಕಳ ಹೆಸರಿರಬೇಕಾದ ಕಡೆ ಅವ್ವ, ನಗು, ಸಿಟ್ಟು, ಬುಟ್ಟಿ, ಈಜು, ಎಡಗೈಯ ಗಾಯ ಎಂದು ಕೆಳಗೆ ಕೆಳಗೆ ಬರೆದಿತ್ತು. ಮೇಲೆ ತಾರೀಕಿನ ಬದಲು ಸಂಚಿಕೆಯ ಸಂಖ್ಯೆ. ಆ ವಾರ ಭಾಗಿ ನಕ್ಕಿದ್ದರೆ ನಗುವಿನ ಮುಂದೆ ಹಾಜರು, ಇಲ್ಲವಾದರೆ ಗೈರು. ಎಡಗೈಯ ಗಾಯ ಯಾವಾಗಿನದು, ಯಾವ ದೋಣಿಯ ಹಗ್ಗ ಹಿಡಿದಾಗ ಆದದ್ದು, ಯಾವ ಸಂಚಿಕೆಯಲ್ಲಿ ಪೇಂಟರು ಅದನ್ನು ಬಲಗೈಗೆ ಹಾಕಿಬಿಟ್ಟರು, ಎಲ್ಲವೂ ಅಲ್ಲಿ ಸಿಗುತ್ತಿತ್ತು. ತುಂಬ ದಿನ ಗೈರಾದವರ ಮನೆಗೆ ಹೋಗಿ ವಿಚಾರಿಸುವುದು ಶಾಲೆಯಲ್ಲಿ ಅವರ ಪದ್ಧತಿಯಾಗಿತ್ತು. ಕಥೆಯಲ್ಲೂ ಅದನ್ನು ಬಿಡಲಿಲ್ಲ. ಇಂಜಿನಿಯರು ಬರೆಯುತ್ತಿದ್ದಾಗ ಒಂದು ರಜೆಯ ದಿನ ಎರಡು ಬಸ್ಸು ಬದಲಿಸಿ ಮಲ್ಲಾಪುರದ ಕ್ವಾರ್ಟರ್ಸಿಗೆ ಹೋಗಿ, ಕೊಡೆ ಮಡಚಿಟ್ಟು, ಚಾ ಕುಡಿದು, 'ಭಾಗಿ ಅವ್ವ ಹನ್ನೊಂದು ವಾರದಿಂದ ಬರ್ಲಿಲ್ಲ. ಹುಷಾರಿಲ್ವೋ ಏನೋ ಹೇಳಿ ಕೇಳ್ಕಂಡು ಹೋಗೂಕೆ ಬಂದೆ' ಎಂದರಂತೆ. ಇಂಜಿನಿಯರು ವರ್ಗವಾಗಿ ಹೋಗುವ ಮುನ್ನ ಇದನ್ನು ನನಗೆ ಹೇಳುವಾಗ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದಿನ ವಾರ ಭಾಗಿಯ ಅವ್ವ ಜ್ವರದಿಂದ ಮಲಗಿದ್ದಳು, ಯಂತ್ರ ಕಟ್ಟಿಕೊಂಡ ಭಾಗಿಗೆ ಕೈಕಾಲು ಆಡಲಿಲ್ಲ. ಇಂಜಿನಿಯರು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಕಥೆ.

ಇಷ್ಟೆಲ್ಲ ಮಾಡಿಯೂ ಅಕ್ಕೋರು ಯಾರ ಮಾತನ್ನೂ ತಪ್ಪು ಎಂದದ್ದನ್ನು ನಾನು ಕೇಳಲಿಲ್ಲ. ಅಳಿಸುವ ರಬ್ಬರು ಆ ಮನೆಯಲ್ಲಿ ಇರಲೇ ಇಲ್ಲ.

ಅಂಥವರ ಮುಂದೆ ನಾನು ಮಾಡಿದ ಕೆಲಸ ಹೇಳುತ್ತೇನೆ. ಮೂರನೆಯ ವರ್ಷದ ಹೊತ್ತಿಗೆ ನನಗೆ ಆ ಹಾಜರಿ ಪುಸ್ತಕ ಬೇಸರ ತಂದಿತ್ತು. ಏನು ಬರೆದರೂ ಹಿಂದಿನದೊಂದು ಅಡ್ಡ ಬರುತ್ತಿತ್ತು. ಸಂಪಾದಕರಿಗೂ ಬೇರೆ ಚಿಂತೆ. ಮಕ್ಕಳು ಟೀವಿಯ ಕಾರ್ಟೂನಿಗೆ ಅಂಟಿಕೊಂಡಿದ್ದಾರೆ, ಭಾಗಿಯನ್ನು ಹೊಸದಾಗಿ ಮೊದಲಿನಿಂದ ಶುರುಮಾಡಿ ಎಂದರು. ನಾನು ಸುಲಭದ ದಾರಿ ಹಿಡಿದೆ. ಭಾಗಿ ಹಾಸಿಗೆಯಲ್ಲಿ ಬೆಚ್ಚಿ ಏಳುತ್ತಾಳೆ, ಅವ್ವ ಪಕ್ಕದಲ್ಲಿ ಕುಳಿತು ಅವಳ ಎಡಗೈ ಹಿಡಿದಿದ್ದಾಳೆ, ಇದುವರೆಗಿನದೆಲ್ಲ ಕನಸು. ಮುಂದಿನ ವಾರದಿಂದ ಹೊಸ ಭಾಗಿ, ಹದಿನೆಂಟರ ಹುಡುಗಿ, ಕಾಲೇಜಿಗೆ ಹೋಗುತ್ತಾಳೆ. ಸಂಪಾದಕರು ಭೇಷ್ ಎಂದರು. ಪೇಂಟರು ಬರೆದುಕೊಟ್ಟರು. ಲಕೋಟೆ ಬಸ್ಸು ಹತ್ತಿತು.

ಆ ಸಲ ಸೋಮವಾರದವರೆಗೆ ಕಾಯಲಿಲ್ಲ. ಶನಿವಾರವೇ ಪುಟ ವಾಪಸ್ಸು ಬಂತು. ಬಲೂನುಗಳು ಎಲ್ಲ ಖಾಲಿ. ಅಷ್ಟು ವರ್ಷಗಳಲ್ಲಿ ಹಾಗೆ ಆದದ್ದು ಅದೊಂದೇ ಸಲ. ಭಾನುವಾರ ಬೆಳಿಗ್ಗೆ ಪುಟ ಸುರುಳಿ ಸುತ್ತಿಕೊಂಡು ಬೊಬ್ರುವಾಡಕ್ಕೆ ಹೋದೆ. ಅಕ್ಕೋರು ಅಂಗಳದಲ್ಲಿ ಕೊಕ್ಕಂ ಸಿಪ್ಪೆ ಒಣಹಾಕುತ್ತಿದ್ದರು. ಕೈ ತೊಳೆದು ಬಂದು ಒಂದೇ ಮಾತು ಹೇಳಿದರು.

'ಬೇರೆ ಯಾರ ಹತ್ರಾದ್ರೂ ಬರೆಸು ತಮ್ಮಾ. ನನ್ನ ಕೈಲಿ ಆಗೂದಿಲ್ಲ.'

ಕಥೆ ಅಲ್ಲವೇ ಅಕ್ಕೋರೆ, ಯಾವ ಕಥೆಯೂ ಒಂದು ದಿನ ಮುಗಿಯಬೇಕು ಎಂದೆ. ಮುಗಿಸು ಎಂದರು; ಮುಗಿಸುವುದಕ್ಕೆ ಅವರ ತಕರಾರಿರಲಿಲ್ಲ. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ಪೋಸ್ಟ್ ಕಾರ್ಡುಗಳು, ಮಕ್ಕಳ ಕೈಬರಹದ್ದು. ಅಕ್ಕೋರೆ, ಈ ವಾರ ನನ್ನ ಹೆಸರು ಬಂತು, ಅಪ್ಪ ಕತ್ತರಿಸಿ ಗೋಡೆಗೆ ಅಂಟಿಸಿದ. ಅಕ್ಕೋರೆ, ನನ್ನದು ಯಾವಾಗ. ಒಂದೊಂದು ಕಾರ್ಡು ಒಂದೊಂದು ಊರಿನದು. ನಾನು ಕಾರ್ಡು ಕೈಯಲ್ಲಿ ಹಿಡಿದು ಹಳೆಯ ಸಂಚಿಕೆಗಳನ್ನು ನೆನಪಿಸಿಕೊಂಡೆ. ಭಾಗಿ ದಡದಲ್ಲಿ ಯಾರನ್ನಾದರೂ ಕೂಗುತ್ತಿದ್ದಳು: ಸುಶೀಲಾ, ಹಗ್ಗ ಹಿಡಿ. ಮೋಹನ, ಅವ್ವನ್ನ ಕರಿ. ಯಾವ ಬರಹಗಾರನೂ ಬರೆಯದ ಹೆಸರುಗಳು ಅವು. ಅಕ್ಕೋರು ಜಾಗ ತುಂಬಲು ಹಾಕುತ್ತಾರೆ ಎಂದುಕೊಂಡಿದ್ದೆ.

ಅಕ್ಕೋರು ಹದಿನಾರು ವರ್ಷ ಕಲಿಸಿದ ಶಾಲೆ ಕಾರವಾರ, ಅಂಕೋಲೆಗಳ ನಡುವಿನ ತೀರದಲ್ಲಿತ್ತು. ನೌಕಾನೆಲೆಗೆ ಜಾಗ ಬಿಟ್ಟ ಊರುಗಳಲ್ಲಿ ಅದೂ ಒಂದು. ಮನೆಗಳು ಖಾಲಿಯಾದವು, ಶಾಲೆ ಮುಚ್ಚಿತು. ಕೊನೆಗೆ ಉಳಿದಿದ್ದ ಮೂವತ್ತೆಂಟು ಮಕ್ಕಳು ಪುನರ್ವಸತಿಯ ಕಾಲನಿಗಳಿಗೆ, ನೆಂಟರ ಊರುಗಳಿಗೆ ಚದುರಿಹೋದರು. ಭಾಗಿ ಶುರುವಾದದ್ದು ಆ ವರ್ಷವೇ. ಇದೆಲ್ಲ ನನಗೆ ಗೊತ್ತಿತ್ತು, ಊರವರೆಲ್ಲರಿಗೂ ಗೊತ್ತಿದ್ದ ಹಾಗೆ. ಭಾಗಿ ಕೂಗುತ್ತಿದ್ದದ್ದು ಆ ಮಕ್ಕಳ ಹೆಸರು ಎಂಬುದು ಮಾತ್ರ ಗೊತ್ತಿರಲಿಲ್ಲ.

'ಕಡೇ ದಿನ ಹಾಜರಿ ಕರೆದು ಪುಸ್ತಕ ಮುಚ್ಚೂಕೆ ನನ್ಗೆ ಮನಸ್ಸು ಬರ್ಲಿಲ್ಲ, ತಮ್ಮಾ,' ಎಂದರು. 'ಹಾಗೇ ಕರೀತಾ ಇದ್ದೆ. ಈಗ ಎಲ್ಲಾ ಕನಸು ಹೇಳಿ ಬರೆದ್ರೆ ಆ ಮಕ್ಳಿಗೆ ಎಂತಾ ಹೇಳೂದು? ನೀವು ಇರ್ಲೇ ಇಲ್ಲ ಹೇಳೂದಾ?'

ಅವರ ದನಿ ಏರಲಿಲ್ಲ. ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ತುಂಬಿದರು. ನನಗೆ ನಾಚಿಕೆಯಾಯಿತು. ಸೋಮವಾರ ಪುಟ ಅಚ್ಚಿಗೆ ಹೋಗಬೇಕಿತ್ತು, ಚಿತ್ರ ಬದಲಿಸಲು ಪೇಂಟರು ಊರಲ್ಲಿರಲಿಲ್ಲ. ಬೆಚ್ಚಿ ಎದ್ದ ಭಾಗಿ, ಕೈ ಹಿಡಿದ ಅವ್ವ, ಅದೇ ಚಿತ್ರ. ಹಾಗಾದರೆ ನೀವೇ ಹೇಳಿ ಅಕ್ಕೋರೆ, ಏನು ಬರೆಯಲಿ ಎಂದೆ. ಅವರು ತಲೆಯಾಡಿಸಿ, ಬರೆಯುವವನು ನೀನು ಎಂದು ಮತ್ತೆ ಅಂಗಳಕ್ಕೆ ಹೋದರು.

ಜಗುಲಿಯಲ್ಲಿ ಕುಳಿತೆ. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ ಕೊಟ್ಟರು. ಪರೀಕ್ಷೆಯಲ್ಲಿ ಕುಳಿತ ಹಾಗೆ ಕುಳಿತು ಎಷ್ಟೋ ಹಾಳೆ ಹರಿದೆ. ಮಧ್ಯೆ ಒಮ್ಮೆ ಎದ್ದು ಓಡಿಹೋಗೋಣ ಅನ್ನಿಸಿತು. ಚಾ ಹೊತ್ತಿಗೆ, ಅವ್ವ ಹಿಡಿದಿದ್ದ ಎಡಗೈಯನ್ನೇ ನೋಡುತ್ತ ನೋಡುತ್ತ, ಎರಡು ಸಾಲು ಬಂತು. ಭಾಗಿ ಹೇಳುತ್ತಾಳೆ: 'ಅವ್ವಾ, ಎಲ್ಲಾ ಕನಸೇ ಏನೋ ಹೇಳಿ ಹೆದರಿಕೆ ಆಯ್ತು.' ಅವ್ವ ಹೇಳುತ್ತಾಳೆ: 'ಹಾಗಾದ್ರೆ ಈ ಗಾಯ ಯಾರದ್ದೇ?'

ಅಕ್ಕೋರು ಹಾಳೆ ತೆಗೆದುಕೊಂಡು ಕಪಾಟಿನ ಮುಂದೆ ನಿಂತರು. ಗಟ್ಟಿಯಾಗಿ ಓದಿದರು. ನಾಲಿಗೆ ಎಲ್ಲೂ ತೊಡರಲಿಲ್ಲ. ಒಂದು ಪದ ಸೇರಿಸಲಿಲ್ಲ, ಬಿಡಲಿಲ್ಲ. ಲೇಖನಿ ಅದ್ದಿ ಬರೆದು ಮುಗಿಸಿ, ನನ್ನ ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಸರಿ ಗುರುತು ಹಾಕಿ ವಾಪಸ್ಸು ಕೊಟ್ಟರು. ನಾನು ಬರೆದದ್ದಕ್ಕೆ ಅವರಿಂದ ಸಿಕ್ಕ ಪ್ರಶಸ್ತಿ ಅದೊಂದೇ. ಆ ಹಾಳೆ ನನ್ನ ಹತ್ತಿರ ಇದೆ.

ಹದಿನೆಂಟರ ಹುಡುಗಿ ಕಾಲೇಜಿಗೆ ಹೋಗಲೇ ಇಲ್ಲ. ಸಂಪಾದಕರು ಗೊಣಗಿದರು, ಸುಮ್ಮನಾದರು. ಮತ್ತೆ ಎಂಟು ತಿಂಗಳು ಭಾಗಿ ಬಂದಳು. ಪತ್ರಿಕೆಯೇ ನಿಂತಾಗ ಅವಳೂ ನಿಂತಳು. ಕೊನೆಯ ಕಂತನ್ನು ಅಕ್ಕೋರೂ ನಾನೂ ಒಟ್ಟಿಗೆ ಕುಳಿತು ಮಾಡಿದೆವು: ಭಾಗಿ ಬುಟ್ಟಿ ಹೊತ್ತು ಮನೆಗೆ ಹೋಗುತ್ತಾಳೆ, ದಾರಿಯುದ್ದಕ್ಕೂ ಸಿಕ್ಕವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಾಳೆ. ಅದುವರೆಗೆ ಹೆಸರು ಬಾರದೆ ಉಳಿದಿದ್ದ ಮಕ್ಕಳು ಏಳು ಜನ. ಅಷ್ಟೂ ಹೆಸರು ಆ ಪುಟದಲ್ಲಿ ಬಂತು. ಆಮೇಲೆ ನನಗೂ ವರ್ಗವಾಯಿತು.

ಹನ್ನೆರಡನೆಯ ದಿನಕ್ಕೆ ಪೇಂಟರೂ ನಾನೂ ಬೊಬ್ರುವಾಡಕ್ಕೆ ಹೋದೆವು. ಅಂಗಳದ ಚಪ್ಪರದ ಕೆಳಗೆ ನಾನೆಂದೂ ನೋಡದ ಹುಡುಗ ಹುಡುಗಿಯರು ತುಂಬಿದ್ದರು. ಕೆಲವರು ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಿದ್ದರು. ಒಬ್ಬ ಗೋವೆಯಲ್ಲಿ ಬೋಟಿನ ಮೇಲಿದ್ದವನು ಬಸ್ಸಿನಿಂದ ನೇರ ಬಂದಿದ್ದ. ತಾನು ಭಾಗಿಯ ಜತೆ ಏನು ಮಾಡಿದೆ ಎಂದು ಒಬ್ಬೊಬ್ಬರೂ ಹೇಳಿಕೊಳ್ಳುತ್ತಿದ್ದರು. ನಾನು ಹಗ್ಗ ಹಿಡಿದೆ. ನಾನು ದೀಪ ತೋರಿಸಿದೆ. ನನಗೆ ಅವಳು ಬೈದಳು. ನಿಜವಾಗಿ ನಡೆದದ್ದನ್ನು ಹೇಳುವ ಹಾಗೆಯೇ ಹೇಳುತ್ತಿದ್ದರು.

ನನಗೆ ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿ ಎಲೆ ಹಾಕುತ್ತಿದ್ದ ಹುಡುಗಿಗೆ, ಭಾಗಿಯ ಕಥೆ ಬರೆದವರು ನಾಲ್ಕು ಜನ, ನಿಮಗೆ ಯಾರದು ಇಷ್ಟ ಎಂದು ಕೇಳಿದೆ. ಅವಳು ಕೈಯಲ್ಲಿನ ಎಲೆ ಹಾಗೇ ಹಿಡಿದು ನನ್ನನ್ನು ನೋಡಿದಳು.

'ನಾಲ್ಕು ಜನ ಹೇಳಿ ಯಾರು ಹೇಳಿದ್ರು ನಿಮ್ಗೆ? ಬರೀತಾ ಇದ್ದದ್ದು ಅಕ್ಕೋರಲ್ದಾ? ಅವ್ರ ಅಕ್ಷರ ನಮ್ಗೆ ಗೊತ್ತಿಲ್ವಾ?'

ಪೇಂಟರು ನನ್ನ ಮುಖ ನೋಡಿದರು. ಹೌದು, ಅಕ್ಕೋರೇ ಎಂದೆ. ಅವಳು ನನ್ನ ಮುಂದೆ ಎಲೆ ಹಾಕಿ ನೀರು ಚಿಮುಕಿಸಿದಳು. ನಾನೂ ಅವರ ಶಾಲೆಯವನೇ ಎಂದು ತಿಳಿದಳೋ ಏನೋ, ನೀವು ಯಾವ ವರ್ಷ ಅವರ ಹತ್ತಿರ ಕಲಿತದ್ದು ಎಂದು ಕೇಳಿದಳು.

ಕಡೇ ವರ್ಷ ಎಂದೆ.